ಹತ್ತು ನಿಮಿಷ ಮೊದಲಿನ ಗಂಟೆ

ಬುಧವಾರ ಬೆಳಿಗ್ಗೆ ಒಂದು ಫೋನು. ನಮಸ್ಕಾರವಿಲ್ಲ, ನೇರ ಪ್ರಶ್ನೆ.

"ಅನುಕೂಲ ಅಂತ ಬರದೀರಲ್ಲ, ಯಾರಿಗ್ರೀ ಅನುಕೂಲ?"

ಮಾತಾಡಿದವರು ಮಾನ್ವಿಯ ನಿವೃತ್ತ ಶಿಕ್ಷಕಿ ಇಂದಿರಾಬಾಯಿ. ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ಆ ಊರಿನ ಹಳೆಯ ಟಾಕೀಸ್ ದುರಸ್ತಿಯಾಗಿ ಮತ್ತೆ ತೆರೆದಿದೆ ಎಂದು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದೆ. ನಿಜಾಮರ ಕಾಲದ ಕಟ್ಟಡ, ಹಿಂದಿ, ತೆಲುಗು, ಕನ್ನಡ ಮೂರೂ ಓಡಿದ ತೆರೆ, ಹೆಂಗಸರಿಗೇ ಮೀಸಲಾದ ಬಾಲ್ಕನಿ. ಜೊತೆಗೊಂದು ವಾಕ್ಯ: ಸಿನಿಮಾ ಮುಗಿಯಲು ಹತ್ತು ನಿಮಿಷವಿರುವಾಗ ಬಾಲ್ಕನಿಯಲ್ಲಿ ಗಂಟೆ ಬಾರಿಸಿ, ಗದ್ದಲಕ್ಕೆ ಮೊದಲೇ ಹೆಂಗಸರನ್ನು ಹೊರಗೆ ಕಳಿಸುವ ಅನುಕೂಲವಿತ್ತು. (ಹೇಳಿದವರು ಹಳೆಯ ಗೇಟ್‌ಕೀಪರ್. ಇನ್ನೊಬ್ಬರನ್ನು ಕೇಳಿ ಖಾತ್ರಿಯನ್ನೂ ಮಾಡಿಕೊಂಡಿದ್ದೆ. ಇಬ್ಬರೂ ಗಂಡಸರು.)

"ಆ ಟಾಕೀಸಿನ್ಯಾಗ ಎಷ್ಟು ಸಿನಿಮಾ ನೋಡೀನೋ ನನಗs ನೆನಪಿಲ್ಲ. ಒಂದರದೂ ಕೊನಿ ನೋಡಿಲ್ಲ. ಮನಿಗೆ ಬಂದು ನಮ್ಮಣ್ಣ ಹೇಳಾಂವ. ಹೀರೋಯಿನ್ ಅವನ ಮನಸ್ಸಿಗೆ ಸೇರಲಿಲ್ಲಂದ್ರ ಆಕೀನ್ನ ಸಾಯಿಸೇ ಬಿಡಾಂವ!"

ನಕ್ಕೆ. ಆಮೇಲೆ ನಗು ಬರಲಿಲ್ಲ. ತಪ್ಪು ನನ್ನದು, ಇದೇ ತಿದ್ದುಪಡಿ.

ತಿದ್ದುಪಡಿಯಿಂದ ಅವರಿಗೇನು ಸಿಕ್ಕೀತು? ಒಂದು ಸಿನಿಮಾವನ್ನಾದರೂ ಪೂರ್ತಿ ನೋಡಬೇಕು, ಅದೂ ಅಲ್ಲೇ ನೋಡಬೇಕು ಎಂಬುದು ಅವರ ಆಸೆ. ಶುಕ್ರವಾರದ ಮ್ಯಾಟಿನಿಗೆ ಬನ್ನಿ ಎಂದೆ.

ಬಂದರು. ದೇವದುರ್ಗದಿಂದ ತಂಗಿ ಶಾಂತಾಬಾಯಿಯನ್ನೂ ಕರೆಸಿಕೊಂಡಿದ್ದರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಬಾಲ್ಕನಿ ಈಗ ಎಲ್ಲರದು. ನನಗೂ ಅವರ ಪಕ್ಕದಲ್ಲೇ ಸೀಟು ಸಿಕ್ಕಿತು.

ಕಥೆ ಕೊನೆಗೆ ಬಂತು. ನಾಯಕಿ ಕೋರ್ಟಿನ ಕಟಕಟೆ ಹತ್ತಿದಳು. ಇಂದಿರಾಬಾಯಿ ಸೆರಗು ಸರಿಮಾಡಿಕೊಂಡು, ಚೀಲ ಹಿಡಿದು ಎದ್ದು ನಿಂತರು. ಶಾಂತಾಬಾಯಿಯೂ ಎದ್ದರು!

ಗಂಟೆ ಯಾರು ಬಾರಿಸಿದರು? ಯಾರೂ ಇಲ್ಲ. ಕಾಲುಗಳು ತಾವಾಗಿಯೇ ಎದ್ದಿದ್ದವು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೂಗಿದಳು. "ಯವ್ವಾ, ಕುಂದರ್ರಿ, ಏನೂ ಕಾಣವಲ್ದು!"

"ಅಕ್ಕಾ, ಯಾಕ ಎದ್ದಿ?" ಎಂದರು ತಂಗಿ.

"ನೀ ಯಾಕ ಎದ್ದಿ?"

ಇಬ್ಬರೂ ಬಾಯಿಗೆ ಸೆರಗಿಟ್ಟು ನಕ್ಕು ಕೂತರು. ತೆರೆಯ ಮೇಲೆ ಕೊನೆಯ ಹೆಸರು ಹೋಗುವವರೆಗೂ ಏಳಲಿಲ್ಲ. ಕಸ ಗುಡಿಸುವಾಕೆ ಪೊರಕೆ ಹಿಡಿದು ಕಾಯುತ್ತ ನಿಂತಳು.

ಹೊರಗೆ ಬಂದ ಮೇಲೆ ಕೇಳಿದೆ. "ಹೆಂಗಿತ್ರೀ ಕೊನಿ?"

"ಹಿಂಗs ಆಗ್ತದ ಅಂತ ಇಂಟರ್ವಲ್‌ನ್ಯಾಗs ಗೊತ್ತಾಗಿತ್ತು," ಎಂದರು ಇಂದಿರಾಬಾಯಿ. "ಆದ್ರ ನಾನs ನೋಡಬೇಕಿತ್ತಲ್ರೀ."