ಬಡಿದು ನೋಡುವ ಕುಬ್ರಾಬೇಗಂ

ಶಹಾಪುರದ ಆ ಆಸ್ಪತ್ರೆಗೆ ಸರ್ಜನ್ ಯಾರೇ ಬರಲಿ, ಆಪರೇಷನ್ ಕೋಣೆಯ ಯಜಮಾನಿಕೆ ಮಾತ್ರ ನರ್ಸ್ ಕುಬ್ರಾಬೇಗಂಳದು. ಹೊಟ್ಟೆಯೊಳಗೆ ಇಳಿಸುವ ದುರ್ಬೀನಿನ ನಳಿಗೆಯನ್ನು ಅವಳು ಹಸುಗೂಸಿಗೆ ಎರೆದ ಹಾಗೆ ತೊಳೆದು, ಒರೆಸಿ, ಮಲಗಿಸುತ್ತಾಳೆ. ಬೇರೆಯವರು ಮುಟ್ಟಿದರೆ ಆ ದಿನ ಅವರಿಗೆ ಚಹಾ ಇಲ್ಲ. ಈಗಿನ ಹೊಸ ನಳಿಗೆಯ ತುದಿಯಲ್ಲಿ ದೀಪದ ಜೊತೆ ಅಲ್ಟ್ರಾಸೌಂಡೂ ಇದೆ. ಹೆದರಿ ಕೂತ ದೋರನಹಳ್ಳಿಯ ಸುಂದ್ರಮ್ಮನಿಗೆ ಅವಳು ಅದನ್ನು ತಿಳಿಸಿದ್ದು ಹೀಗೆ: "ಸಂತ್ಯಾಗ ಗಡಿಗಿ ಹೆಂಗ ತಗೋತಿ ಯವ್ವಾ? ಮೊದಲ ಕಣ್ಣಿಲೆ ನೋಡ್ತಿ, ಆಮ್ಯಾಲ ಬಡದು ಸಪ್ಪಳ ಕೇಳ್ತಿ. ಇದೂ ಹಂಗ. ಬೆಳಕು ಮ್ಯಾಲಿಂದು ತೋರಸ್ತದ, ಸಪ್ಪಳ ಒಳಗಿಂದು ಹೇಳ್ತದ." ಪರದೆಯ ಮೇಲೆ ಎರಡು ಚಿತ್ರವೂ ಮೂಡುವ ತನಕ ಎಂಥಾ ದೊಡ್ಡ ಡಾಕ್ಟರಿಗೂ ಅವಳ ಕೈಯಿಂದ ಕತ್ತರಿ ಸಿಗುವುದಿಲ್ಲ. "ಬಡದು ನೋಡ್ರಿ ಸಾಹೇಬ್ರ" ಎಂದು ನಿಂತುಬಿಡುತ್ತಾಳೆ. ಹೊಸದಾಗಿ ಬಂದ ಡಾಕ್ಟರ್ ದೇವಿಂದ್ರಪ್ಪ ಮೊದಲ ದಿನವೇ ಸಿಡುಕಿದರು: "ಕಣ್ಣಿಗಿ ಸಾಫ್ ಕಂಡ್ರ ಸಾಕಲ್ಲ ಬೇಗಂ, ಟೈಮ್ ಯಾಕ ಹಾಳು?" ಅವಳು ತನ್ನ ಕಪಾಟಿನ ಬಾಗಿಲು ತೆರೆದಳು. ಒಳಗೆ ಅಂಟಿಸಿದ್ದು ಬರೀ ಬೆಳಕಿನ ಹಳೆಯ ದುರ್ಬೀನಿನಿಂದ ತೆಗೆದ ಒಂದು ಚಿತ್ರ, ಯಾರದೋ ಜಠರದ ಒಳಮೈ, ನುಣ್ಣಗೆ, ಗುಲಾಬಿ ಬಣ್ಣ. "ಇದರಾಗ ಏನರೆ ಕಾಣ್ತದೇನ್ರಿ?" ಡಾಕ್ಟರು ಬಗ್ಗಿ ನೋಡಿದರು. "ಏನೂ ಇಲ್ಲ. ಸಾಫ್ ಅದ." "ಹೌದ್ರಿ, ಆವಾಗ ನೋಡಿದವ್ರೂ ಹಂಗ ಅಂದಿದ್ರು. ಗಂಟು ಹೊಟ್ಟಿ ಗ್ವಾಡಿ ಒಳಗಿತ್ತು. ಇದು ನಮ್ಮ ತಮ್ಮ ಮುಸ್ತಫಾಂದು, ನಾಕು ತಿಂಗಳಿಗೆ ಮಣ್ಣು ಕೊಟ್ವಿ." ಬಾಗಿಲು ಮುಚ್ಚಿ, ಕೈ ತೊಳೆದು ಬಂದು, ನಳಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು: "ನಡೀರಿ ಸಾಹೇಬ್ರ, ಸುಂದ್ರಮ್ಮ ಕಾಯಾಕತ್ತಾಳ."