ಸೆನ್ಸರಿಗೆ ಹಚ್ಚಿದ ವಿಭೂತಿ

ಬೆಳಗ್ಗೆ ಆರೂವರೆಗೆ ಚಿಕ್ಕಸ್ವಾಮಿ ಉದ್ದನೆಯ ಪೊರಕೆಯೊಂದನ್ನು ಮುಂದಕ್ಕೆ ಚಾಚಿ ಹಿಡಿದು, ಬಸ್ಸುಗಳಿಗೆ ಹೈಡ್ರೋಜನ್ ತುಂಬುವ ಯಂತ್ರದತ್ತ ನಿಧಾನಕ್ಕೆ ಹೆಜ್ಜೆ ಹಾಕುತ್ತಾರೆ. ಗುಡಿಸುವುದಕ್ಕಲ್ಲ. ಹೈಡ್ರೋಜನ್ ಸೋರಿ ಹೊತ್ತಿಕೊಂಡರೆ ಹಗಲು ಹೊತ್ತಿನಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ. ಪೊರಕೆಯ ತುದಿಗೆ ಬೆಂಕಿ ಹಿಡಿದರೆ ಅಲ್ಲೇ ನಿಲ್ಲಬೇಕು. ಪೈಪು, ಕೀಲು, ನಳಿಕೆಗಳ ಸುತ್ತ ಅದನ್ನು ಆಡಿಸಿ, ಏನೂ ಆಗದಿದ್ದ ಮೇಲೆ ಬಸ್ಸಿಗೆ ಕೈ ಮಾಡುತ್ತಾರೆ. ಈ ಪದ್ಧತಿ ಶುರುವಾದದ್ದು ಕಳೆದ ವರ್ಷ ಇಲ್ಲಿ ನಡೆದ ಅಪಘಾತದ ನಂತರ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಈ ಪ್ರಾಯೋಗಿಕ ಕೇಂದ್ರಕ್ಕೆ ಬರುವುದು ಕಾರ್ಖಾನೆಯೊಂದರ ನಾಲ್ಕು ಬಸ್ಸುಗಳು ಮಾತ್ರ. ಹೆಡತಲೆಯ ಚಿಕ್ಕಸ್ವಾಮಿಗೆ ನಲವತ್ತೊಂಬತ್ತು ವರ್ಷ. ಹಿಂದೆ ಹದಿನೆಂಟು ವರ್ಷ ಅಡುಗೆ ಅನಿಲದ ಗೋದಾಮಿನಲ್ಲಿದ್ದರು. ಅಲ್ಲಿ ಮೂಗೇ ಕಾವಲು. ಹೈಡ್ರೋಜನ್‌ಗೆ ವಾಸನೆಯಿಲ್ಲ. ಯಂತ್ರದ ಮೇಲಿರುವ ನಿಂಬೆಹಣ್ಣಿನಷ್ಟು ದಪ್ಪದ ಸೆನ್ಸರ್ ಸೋರಿಕೆಯನ್ನು ಹಿಡಿದು ಗಂಟೆ ಬಾರಿಸಬೇಕು, ವಾಲ್ವ್ ಮುಚ್ಚಬೇಕು.

ಕಳೆದ ವರ್ಷದ ಆಯುಧಪೂಜೆಯಂದು ಅವರು ಎಲ್ಲ ಯಂತ್ರಗಳಿಗೂ ವಿಭೂತಿ ಹಚ್ಚಿದರು. ಎಲ್ಲರನ್ನೂ ಕಾಯುವ ಸೆನ್ಸರನ್ನೇ ಬಿಡುವುದು ಹೇಗೆ? ಏಣಿ ಹತ್ತಿ ಅದಕ್ಕೂ ಮೂರು ಬೆರಳು ಎಳೆದರು. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಮೇಲ್ಗಡೆ ಸ್ವಚ್ಛವಾಯಿತು. ಕಲಸಿಹೋದ ಬೂದಿ ಸೆನ್ಸರಿನ ಬಾಯಿಗಿದ್ದ ಜಾಲರಿಯ ಸೂಕ್ಷ್ಮ ರಂಧ್ರಗಳಿಗೆ ಇಳಿದು ಗಟ್ಟಿಯಾಯಿತು.

ಒಂಬತ್ತನೇ ದಿನ ಮಧ್ಯಾಹ್ನ ಪೈಪಿನ ಕೀಲಿನ ಸೀಲು ಒಡೆದು, ಸೋರಿದ ಹೈಡ್ರೋಜನ್ ಹೊತ್ತಿಕೊಂಡಿತು. ಸೆನ್ಸರ್ ಗಂಟೆ ಬಾರಿಸಲಿಲ್ಲ, ವಾಲ್ವ್ ಮುಚ್ಚಲಿಲ್ಲ. ಬಸ್ಸಿನ ಚಾಲಕ, ತಿ. ನರಸೀಪುರದ ಕುಮಾರ, ನಳಿಕೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಬಲಗೈ ಚಾಚಿದರು. ಕೈ ಹೋದದ್ದು ಕಾಣದ ಉರಿಯೊಳಗೆ. ಚಿಕ್ಕಸ್ವಾಮಿ ಓಡಿಹೋಗಿ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಬೆರಳುಗಳು ಬೆಂದಿದ್ದವು. ಅವು ಈಗ ಸ್ಟೇರಿಂಗ್ ಹಿಡಿಯುವುದಿಲ್ಲ.

ಸೀಲು ಸವೆದಿತ್ತು, ಸೆನ್ಸರ್ ಕೆಟ್ಟಿತ್ತು ಎಂದು ತನಿಖಾ ವರದಿ ಹೇಳಿತು. ಹಳೆಯ ಸೆನ್ಸರ್ ಬಿಚ್ಚಿ ಉಗ್ರಾಣದಲ್ಲಿಟ್ಟವರು ಚಿಕ್ಕಸ್ವಾಮಿಯೇ. ಜಾಲರಿಯೊಳಗೆ ಬಿಳಿ ಕಂಡದ್ದು ಆಗಲೇ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಭಾನುವಾರಗಳಂದು ಬಾಳೆಹಣ್ಣು ಹಿಡಿದು ಕುಮಾರನ ಮನೆಗೆ ಹೋಗಿಬರುತ್ತಿದ್ದರು.

ಕಳೆದ ವಾರ ಈ ವರ್ಷದ ಪೂಜೆಗೆ ಸಾಮಾನಿನ ಪಟ್ಟಿ ಮಾಡಲು ಮ್ಯಾನೇಜರ್ ಚಿಕ್ಕಸ್ವಾಮಿಗೇ ಹೇಳಿದರು. ಮೊದಲ ಸಾಲಿನಲ್ಲಿ ವಿಭೂತಿ ಎಂದು ಬರೆದು ಪೆನ್ನು ಕೆಳಗಿಟ್ಟರು.

ಆ ಭಾನುವಾರ ಕುಮಾರ ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದರು.

"ಬಾ ಅಣ್ಣ. ನಂಗೆ ಮದ್ವೆಮನೆ ಊಟ ತಪ್ಪೋಯ್ತು ಕಣ. ಎಡಗೈಲಿ ಉಣ್ಣೋನ್ ಪಕ್ದಲ್ಲಿ ಯಾವನ್ ಕುಂತ್ಕತಾನೆ?" ಎಂದು ನಕ್ಕರು.

ಚಿಕ್ಕಸ್ವಾಮಿ ಕೂರಲಿಲ್ಲ. "ಸೆನ್ಸರ್ ತಾನಾಗೆ ಕೆಡ್ನಿಲ್ಲ ಕಣ್ಲಾ ಕುಮಾರ. ಪೂಜೆ ದಿನ ನಾನು ಬಳ್ದಿದ್ ಇಬೂತಿ ಅದರ ತೂತ್ನೆಲ್ಲ ಕಟ್ಬುಟ್ಟಿತ್ತು. ಆಮೇಕೆ ಕಣ್ಣಾರ ನೋಡ್ದೆ."

ಕುಮಾರ ಮುದ್ದೆಯನ್ನು ತಟ್ಟೆಗೆ ಬಿಟ್ಟರು. "ಇದ್ನ ಏಳಕ್ಕೆ ನಿಂಗೆ ಒಂದ್ ವರ್ಸ ಬೇಕಾಯ್ತಾ?"

ಬಾಗಿಲಲ್ಲಿ ನಿಂತಿದ್ದ ಕುಮಾರನ ಹೆಂಡತಿ ಪವಿತ್ರಾ, "ಅಷ್ಟೂ ವಾರ ನಮ್ಮನೇಲಿ ಕಾಪಿ ಕುಡುದ್ರಲ್ಲಣ್ಣ," ಎಂದರು.

ಅಂದು ಕಾಫಿ ಬರಲಿಲ್ಲ. ತಂದಿದ್ದ ಬಾಳೆಹಣ್ಣು ಜಗಲಿಯ ಮೇಲೇ ಉಳಿಯಿತು.

ಸೋಮವಾರ ಚಿಕ್ಕಸ್ವಾಮಿ ನಡೆದದ್ದನ್ನೆಲ್ಲ ಬರೆದು ಮ್ಯಾನೇಜರಿಗೆ ಕೊಟ್ಟರು. ಈ ಸಲದ ಪೂಜೆ ಗೇಟಿನ ಹೊರಗೆ ನಡೆಯುತ್ತದೆ. ಹಳೆಯ ಸೆನ್ಸರನ್ನು ಉಗ್ರಾಣದಿಂದ ತೆಗೆದು ಮೊಹರು ಮಾಡಿದ್ದಾರೆ. ಬುಧವಾರ ಹತ್ತು ಗಂಟೆಗೆ ತನಿಖೆ ಮತ್ತೆ ಶುರುವಾಗುತ್ತದೆ. ಮೊದಲ ಹೇಳಿಕೆ ಕುಮಾರನದು.