ರೊಟ್ಟಿ ಬಡಿಯುವ ಕೈಗೆ ಹಳದಿ ಹರಳು

ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ರಾಮದುರ್ಗದಿಂದ ಬೈಲಹೊಂಗಲದ ನಮ್ಮ ಮನೆಗೆ ಬಂದ ದಿನ ಎಲ್ಲರೂ ಅವಳ ಸೀರೆ ನೋಡುತ್ತಿದ್ದರು. ನಾನು ಅವಳ ಬೆರಳು ನೋಡುತ್ತಿದ್ದೆ. ಬಲಗೈಯ ತೋರುಬೆರಳಿನಲ್ಲಿ ಹಳದಿ ಹರಳಿನ ಉಂಗುರ. ಬಿಸಿಲಿಗೆ ಹಿಡಿದರೆ ಆಗತಾನೇ ಕಾಯಿಸಿದ ತುಪ್ಪದ ಬಣ್ಣ.

ಆಗ ನನಗೆ ಹರಳುಗಳ ಹುಚ್ಚು ಹೊಸದಾಗಿ ಹಿಡಿದಿತ್ತು. ನಮ್ಮೂರಲ್ಲಿ ಇದನ್ನೆಲ್ಲ ಕಲಿಸುವವರು ಯಾರು ಹೇಳಿ? ಮೊಬೈಲಿನಲ್ಲಿ ವಿಡಿಯೊ ನೋಡುವುದು, ಆನ್‌ಲೈನಿನಲ್ಲಿ ತರಿಸಿಕೊಂಡ ಪುಟ್ಟ ಭೂತಗನ್ನಡಿ ಹಿಡಿದು ಕಂಡಕಂಡವರ ಕಿವಿ, ಮೂಗು, ಬೆರಳು ಪರೀಕ್ಷೆ ಮಾಡುವುದು, ಇಷ್ಟೇ ನನ್ನ ವಿದ್ಯೆ. ಅವ್ವನ ಮೂಗುತಿಯನ್ನಂತೂ ಅವಳು ಮಧ್ಯಾಹ್ನ ನಿದ್ದೆ ಮಾಡುವಾಗಲೂ ನಾನು ಬಿಟ್ಟವಳಲ್ಲ. ವೈನಿ ನನಗಿಂತ ಸ್ವಲ್ಪವೇ ದೊಡ್ಡವಳು, ಬಂದ ವಾರದಲ್ಲೇ ನಮ್ಮಿಬ್ಬರಿಗೂ ನೀನು ಎನ್ನುವಷ್ಟು ಸಲುಗೆ ಬೆಳೆದಿತ್ತು. ಅವಳು ನನ್ನನ್ನು ‘ಹರಳಿನ ಡಾಕ್ಟರ್’ ಎಂದು ಕರೆಯತೊಡಗಿದಳು.

ಆ ಉಂಗುರ ಅವಳ ಅಪ್ಪ ಮಾಡಿಸಿಕೊಟ್ಟದ್ದು. ಅವರದು ರಾಮದುರ್ಗದಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ. ಮಗಳ ಮದುವೆ ಯಾಕೋ ಕೂಡಿಬರುತ್ತಿಲ್ಲ ಎಂದಾಗ ಯಾರೋ ಜ್ಯೋತಿಷಿ ಗುರುಬಲ ಕಡಿಮೆ, ಪುಷ್ಯರಾಗ ಹಾಕಿಸಿ ಎಂದರಂತೆ. ಅಪ್ಪ ಸವದತ್ತಿಗೆ ಹೋಗಿ ಪುಷ್ಯರಾಗ ಕೇಳಿ ತಂದರು. ಹರಳು ಚರ್ಮಕ್ಕೆ ತಾಗಬೇಕೆಂದು ಉಂಗುರದ ಹಿಂಬದಿಯನ್ನು ತೆರೆದೇ ಇಡಿಸಿದರು. ಒಂದು ಗುರುವಾರ ತಾವೇ ಮಗಳ ಬೆರಳಿಗೆ ಹಾಕಿದರು. ಆಮೇಲೆ ನಮ್ಮ ಅಣ್ಣ ಸಿಕ್ಕ. ಅಂದಿನಿಂದ ಅವಳು ಅದನ್ನು ಕೆಲಸ ಮಾಡುವಾಗಲೂ ತೆಗೆದದ್ದಿಲ್ಲ.

ತೆಗೆಯಬೇಕಿತ್ತು. ಜೋಳದ ರೊಟ್ಟಿಯ ಕೆಲಸ ನಿಮಗೆ ಗೊತ್ತಲ್ಲ. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಸುಡುಸುಡುವಾಗಲೇ ನಾದಬೇಕು. ಬೆರಳು ಸುಟ್ಟಾಗ ಪಕ್ಕದ ತಣ್ಣೀರಿಗೆ ಅದ್ದಬೇಕು. ಮತ್ತೆ ಬಿಸಿ, ಮತ್ತೆ ತಣ್ಣೀರು, ಆಮೇಲೆ ಹಲಗೆಯ ಮೇಲೆ ಪಟಪಟ ಬಡಿಯಬೇಕು. ಉಂಗುರದ ತೆರೆದ ಬೆನ್ನಿನಲ್ಲಿ ಹಿಟ್ಟು ಸೇರಿ ಹರಳು ಮಂಕಾಗುತ್ತಿತ್ತು. ನಾನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಒಂದು ಹನಿ ಶಾಂಪೂ, ಮಕ್ಕಳ ಹಲ್ಲುಜ್ಜುವ ಮೆತ್ತನೆ ಬ್ರಷ್ ತಗೊಂಡು ಕೂತು ತೊಳೆದುಕೊಡುತ್ತಿದ್ದೆ.

ಹಾಗೆ ತೊಳೆಯುವಾಗಲೇ ಒಂದು ದಿನ ಒಳಗೆ ಗೆರೆ ಕಂಡಿತು. ಹಿಂದಿನ ವಾರ ಅದು ಇರಲಿಲ್ಲ.

ಮುಚ್ಚಿಡುವ ಮಾತೇ ಇರಲಿಲ್ಲ, ಅವ್ವ ಎದುರಿಗೇ ಸೊಪ್ಪು ಸೋಸುತ್ತ ಕೂತಿದ್ದಳು. ಅವ್ವ ಕೆಟ್ಟವಳಲ್ಲ. ಸೊಸೆಯ ಕೈ ಹಿಡಿದುಕೊಂಡು ಮೆಲ್ಲಗೇ ಹೇಳಿದಳು.

“ಸೀಳಿದ ಪುಷ್ಯರಾಗ ಮೈಮ್ಯಾಲ ಇರಬಾರದವಾ. ಬರೂ ಗುರುವಾರ ಮಲಪ್ರಭಾ ಹೊಳಿಗೆ ಬಿಟ್ಟ ಬರೂಣು. ಉಂಗರಕ್ಕ ಬ್ಯಾರೆ ಹಳ್ಳ ಕುಂದ್ರಸಿದರಾತು.”

ಹಳ್ಳ ಎಂದರೆ ನಮ್ಮ ಕಡೆ ಹರಳು. ವೈನಿ ಹೂಂ ಎಂದಳು. ಆ ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ನೋಡಿದೆ, ಕಣ್ಣು ಕೆಂಪಾಗಿದ್ದವು. ತವರಿನಿಂದ ಬಂದ ಸೀರೆ, ಪಾತ್ರೆ ಎಲ್ಲ ಇವೆ, ಆದರೆ ಅಪ್ಪ ತಾನಾಗಿ ಹೋಗಿ, ಆರಿಸಿ ತಂದದ್ದು ಅದೊಂದೇ ಎಂದಳು. ಇಟ್ಟುಕೊಂಡರೆ ಗಂಡನಿಗೆ ಏನಾದರೂ ಆದೀತೆಂಬ ಹೆದರಿಕೆ, ಬಿಟ್ಟರೆ ಅಪ್ಪನನ್ನೇ ನೀರಿಗೆ ಬಿಟ್ಟ ಹಾಗೆ.

ಆ ಗೆರೆಯನ್ನು ನಾನು ಮತ್ತೆ ಮತ್ತೆ ನೋಡಿದೆ. ಅಂಕುಡೊಂಕಾಗಿರಲಿಲ್ಲ. ಪುಸ್ತಕದ ಒಂದು ಹಾಳೆಯನ್ನು ಒಳಗಿಟ್ಟ ಹಾಗೆ ಸಪಾಟಾಗಿತ್ತು. ನನಗೆ ಅನುಮಾನ ಹುಟ್ಟಿತು. ಯಾಕೆಂದರೆ ಗುರುವಿನ ಪುಷ್ಯರಾಗ, ಅಂದರೆ ನೀಲಮಣಿಯ ಜಾತಿಯ ಹಳದಿ ಕಲ್ಲು, ಹೀಗೆ ಸೀಳುವುದಿಲ್ಲ. ಹೀಗೆ ಸೀಳುವುದು ಟೋಪಾಜ್. ಅದು ಗೀರು ಬೀಳದಷ್ಟು ಗಟ್ಟಿ, ಆದರೆ ಒಂದು ದಿಕ್ಕಿಗೆ ಮಾತ್ರ ಬಹಳ ನಾಜೂಕು. ಆ ದಿಕ್ಕಿಗೆ ಪೆಟ್ಟು ಬಿದ್ದರೆ ಅಥವಾ ಬಿಸಿಯಿಂದ ಒಮ್ಮೆಲೇ ತಣ್ಣಗಾದರೆ ಹಾಳೆಯಂತೆ ಬಿಡುತ್ತದೆ. ನಮ್ಮ ರೊಟ್ಟಿಯಲ್ಲಿ ಎರಡೂ ಇವೆ.

ಮರುದಿನ ವೈನಿಯನ್ನು ಕರೆದುಕೊಂಡು ಪೇಟೆಯಲ್ಲಿ ಒಡವೆ ಮಾಡುವ ಪತ್ತಾರರಲ್ಲಿಗೆ ಹೋದೆ. ಅವರು ಹರಳು ಬಿಡಿಸಿಕೊಟ್ಟರು. ಅವರ ತಕ್ಕಡಿಯಲ್ಲಿ ಮೊದಲು ಹಾಗೇ ತೂಗಿದೆವು. ಆಮೇಲೆ ತಕ್ಕಡಿಯ ಮೇಲೆ ನೀರಿನ ಬಟ್ಟಲಿಟ್ಟು, ಸೊನ್ನೆಗೆ ತಂದು, ಹರಳನ್ನು ದಾರದಲ್ಲಿ ಕಟ್ಟಿ ನೀರೊಳಗೆ ತೂಗುಬಿಟ್ಟೆವು. ಹಾಗೆ ಮಾಡಿದರೆ ಹರಳಿನ ಗಾತ್ರದ ನೀರು ಎಷ್ಟು ತೂಗುತ್ತದೆಂದು ತಿಳಿಯುತ್ತದೆ. ಗುರುವಿನ ಕಲ್ಲಾದರೆ ಆ ನೀರಿನ ನಾಲ್ಕು ಪಟ್ಟು ಭಾರ, ಟೋಪಾಜ್ ಆದರೆ ಮೂರೂವರೆ ಪಟ್ಟು. ಪತ್ತಾರರು ಚಹಾ ತರಿಸಿ, ತಂಗಿ ಇನ್ನೇನು ಮೀನು ಹಿಡಿಯುತ್ತಾಳೆ ನೋಡ್ರಿ ಎಂದು ಪಕ್ಕದ ಅಂಗಡಿಯವರನ್ನೂ ಕರೆದರು. ಲೆಕ್ಕ ಮೂರೂವರೆಯ ಹತ್ತಿರವೇ ಬಂತು.

ಮೋಸ ಎಂದು ನೀವು ಅಂದುಕೊಳ್ಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ನಿಘಂಟು ತೆಗೆದು ನೋಡಿ, ಟೋಪಾಜ್ ಎಂಬಲ್ಲಿಯೂ ಪುಷ್ಯರಾಗ ಎಂದೇ ಇರುತ್ತದೆ. ಜ್ಯೋತಿಷಿ ಹೇಳಿದ್ದೂ ಪುಷ್ಯರಾಗ, ಅಪ್ಪ ಕೇಳಿದ್ದೂ ಪುಷ್ಯರಾಗ, ಅಂಗಡಿಯವರು ಕೊಟ್ಟದ್ದೂ ಪುಷ್ಯರಾಗ. ಒಂದೇ ಹೆಸರಿನಲ್ಲಿ ಎರಡು ಕಲ್ಲು. ಅದಕ್ಕೇ ಕೊಳ್ಳುವಾಗ ಬರೀ ಕನ್ನಡ ಹೆಸರು ಸಾಲದು, ಟೋಪಾಜೋ ನೀಲಮಣಿ ಜಾತಿಯದೋ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ನೀಲಿ ಟೋಪಾಜ್ ಆದರೆ ಬಣ್ಣ ಸಾಮಾನ್ಯವಾಗಿ ಮನುಷ್ಯರು ಬರಿಸಿದ್ದೇ ಎಂಬುದೂ ಗೊತ್ತಿರಲಿ, ಅದೇನೂ ತಪ್ಪಲ್ಲ.

ಇದನ್ನೆಲ್ಲ ಒಂದೇ ಉಸಿರಿಗೆ ದಾರಿಯುದ್ದಕ್ಕೂ ಹೇಳಿದೆ. ವೈನಿ ಕೇಳುತ್ತ ನಡೆಯುತ್ತಿದ್ದವಳು ಬಸ್‌ಸ್ಟ್ಯಾಂಡಿನ ಹತ್ತಿರ ನಿಂತುಬಿಟ್ಟಳು. ಅಪ್ಪ ತಂದದ್ದು ಕಡಿಮೆಯದು ಎಂದುಕೊಂಡಳೇನೋ ಅಂತ ನನಗೆ ಹೆದರಿಕೆಯಾಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

“ಟೋಪಾಜಿಗೇ ನಿಮ್ಮ ಅಣ್ಣನಂಥಾ ಗಂಡ ಸಿಕ್ಕಾನಂದ್ರ, ಖರೇ ಪುಷ್ಯರಾಗಕ್ಕ ಯಾರ ಸಿಗತಿದ್ರ ಏನೋ.”

ಮನೆಗೆ ಬಂದು ಅವ್ವನಿಗೆ ಹೇಳಿದೆ. ಟೋಪಾಜನ್ನೇ ಗುರುವಿನ ಉಪರತ್ನ, ಅಂದರೆ ಬದಲಿ ಕಲ್ಲು, ಎನ್ನುವವರೂ ಇದ್ದಾರೆ, ಅದನ್ನು ಮಾತ್ರ ಬಾಯಿಬಿಡಲಿಲ್ಲ. ಅವ್ವ ಹರಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಹೊರಳಿಸಿದಳು. ಇದು ಗುರುವಿನದಲ್ಲ ಅಂತ ಖಾತ್ರಿಯೇ ಎಂದು ಕೇಳಿದಳು. ಖಾತ್ರಿ ಎಂದೆ.

“ಹಂಗಾರ ಇದು ಬರೇ ಅಪ್ಪ ಕೊಟ್ಟಿದ್ದು,” ಎಂದಳು. “ಅಪ್ಪ ಕೊಟ್ಟಿದ್ದನ್ನ ಯಾರ ಹೊಳಿಗೆ ಬಿಡತಾರ. ಇಟ್ಕೋ.”

ಬೆರಳಿಗೆ ಬೇಡ ಎಂದು ನಾನೇ ಹಟ ಹಿಡಿದೆ. ಸೀಳು ಇನ್ನೂ ಬೆಳೆಯಬಹುದು. ಪತ್ತಾರರು ಹರಳಿನ ಸುತ್ತ ಅಂಚು ಕಟ್ಟಿ, ಸರಕ್ಕೆ ಹಾಕುವ ಸಣ್ಣ ಪದಕ ಮಾಡಿಕೊಟ್ಟರು. ಒಡವೆ ತೊಳೆಯುವ ಮಷೀನಿಗೆ ಹಾಕಬೇಡಿ, ಬಿಸಿ ಆವಿ ಹಿಡಿಸಬೇಡಿ, ಬೇರೆ ಒಡವೆಗಳ ಜೊತೆ ತುರುಕದೆ ಮೆತ್ತನೆ ಬಟ್ಟೆಯಲ್ಲಿಡಿ ಎಂದು ನಾನು ಅವರಿಗೂ ಪಾಠ ಒಪ್ಪಿಸಿದೆ.

ಉಳಿದದ್ದು ವೈನಿಯ ಅಪ್ಪನಿಗೆ ಹೇಳುವುದು. ವೈನಿ ಮುಚ್ಚಿಡಲು ಒಪ್ಪಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ಎಲ್ಲವನ್ನೂ ಹೇಳಿದಳು. ಹೆಸರಿನ ಗೊಂದಲ, ಕುದಿಯುವ ಎಸರು, ತಣ್ಣೀರು, ಸೀಳು. ಆ ಕಡೆ ಅಂಗಡಿಯ ಮುಂದೆ ಯಾವುದೋ ಗಾಡಿ ಹಾದುಹೋದದ್ದು ಕೇಳಿಸಿತು. ಹರಳಿನ ಬಗ್ಗೆ ಏನು ಕೇಳುತ್ತಾರೋ ಎಂದು ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ.

“ಕಲ್ಲ ಸೀಳುವಷ್ಟ ಬಿಸಿ ಅಂದ್ರ,” ಎಂದರು ಅವರು, “ನಿನ್ನ ಕೈ ಹೆಂಗ ಅದಾವವಾ?”

ವೈನಿ ಎರಡೂ ಅಂಗೈಗಳನ್ನು ಫೋನಿನ ಮುಂದೆ ಹಿಡಿದಳು, ಅವರಿಗೆ ಕಾಣುವುದಿಲ್ಲ ಎಂಬುದನ್ನೇ ಮರೆತವಳಂತೆ. ಕೊನೆಗೆ ಅವ್ವ ಮುಂದೆ ಬಾಗಿ, ಚಲೋ ಅದಾವ್ರಿ ಬೀಗರ, ನಾಳಿಂದ ಹಿಟ್ಟು ನಾನೇ ನಾದುತ್ತೇನೆ, ಆಕೆ ಬಡಿದರೆ ಸಾಕು ಎಂದಳು. ವೈನಿ ಬೇಡ ಬೇಡ ಎಂದು ತಲೆಯಾಡಿಸಿದಳು. ಆದರೆ ಮರುದಿನ ಬೆಳಿಗ್ಗೆ ನಾನು ಎದ್ದುಬಂದಾಗ, ಅವ್ವ ಬಳೆ ಹಿಂದಕ್ಕೆ ಸರಿಸಿಕೊಂಡು ಹಬೆಯೇಳುವ ಹಿಟ್ಟಿನ ಮುಂದೆ ಆಗಲೇ ಕೂತಿದ್ದಳು.